ಓದುಗ ಗಿರಾಕಿಯಾಗುವ ಹೊತ್ತು

ನ್ಯೂಯಾರ್ಕಿನ ವೋಗ್ ಪತ್ರಿಕೆಯಲ್ಲಿ ಸಹಾಯಕಿಯಾಗಿದ್ದ ಎಮಿಲಿ ವೈಸ್ 2010ರಲ್ಲಿ ಒಂದು ಬ್ಲಾಗ್ ಶುರುಮಾಡಿದರು. ಹೆಸರು ‘ಇನ್‌ಟು ದ ಗ್ಲಾಸ್’. ನಸುಕಿನಲ್ಲೇ ಎದ್ದು ಬರೆಯುವುದು, ಆಮೇಲೆ ಕೆಲಸಕ್ಕೆ ಓಡುವುದು. ಅದರಲ್ಲಿ ಜನ ಮುಗಿಬಿದ್ದು ಓದಿದ್ದು ‘ದ ಟಾಪ್ ಶೆಲ್ಫ್’ ಎಂಬ ಮಾಲಿಕೆಯನ್ನು. ರೂಪದರ್ಶಿಗಳು, ಸಂಪಾದಕಿಯರು, ನಟಿಯರ ಮನೆಗೇ ಹೋಗಿ, ಅವರ ಬಚ್ಚಲುಮನೆಯ ಕಪಾಟಿನಲ್ಲಿ ಏನೇನಿದೆ, ಮುಖಕ್ಕೆ ಯಾವುದನ್ನು ಯಾಕೆ ಹಚ್ಚುತ್ತಾರೆ ಎಂದು ವಿಚಾರಿಸುವ ಮಾತುಕತೆ ಅದು.

ನಾಲ್ಕು ವರ್ಷ ವೈಸ್ ತಮ್ಮದೆಂದು ಒಂದು ಡಬ್ಬಿಯನ್ನೂ ಮಾರಲಿಲ್ಲ. 2014ರ ಅಕ್ಟೋಬರಿನಲ್ಲಿ ‘ಗ್ಲಾಸಿಯೆ’ ಎಂಬ ಆನ್‌ಲೈನ್ ಮಳಿಗೆ ತೆರೆದಾಗ ಅದರಲ್ಲಿದ್ದದ್ದು ನಾಲ್ಕೇ ಸರಕು. 2015ರ ಆರಂಭದಲ್ಲಿ ಬ್ಲಾಗಿನಲ್ಲೊಂದು ಪ್ರಶ್ನೆ ಬಂತು: ನಿಮ್ಮ ಕನಸಿನ ಫೇಸ್‌ವಾಶ್ ಹೇಗಿರಬೇಕು? ನೂರಾರು ಮಂದಿ ಉತ್ತರ ಬರೆದರು. ಮರುವರ್ಷ ಅದೇ ಉತ್ತರಗಳ ಆಧಾರದ ಮೇಲೆ ‘ಮಿಲ್ಕಿ ಜೆಲ್ಲಿ’ ಕ್ಲೆನ್ಸರ್ ಮಾರುಕಟ್ಟೆಗೆ ಬಂತು. 2019ರ ಹೊತ್ತಿಗೆ ಹೂಡಿಕೆದಾರರು ಈ ಕಂಪನಿಯ ಮೌಲ್ಯವನ್ನು ನೂರು ಕೋಟಿ ಡಾಲರಿಗಿಂತ ಹೆಚ್ಚೆಂದು ಎಣಿಸಿದ್ದರು.

ಈ ಕಥೆಯಲ್ಲಿ ದುಡ್ಡಿಗಿಂತ ಮುಖ್ಯವಾದದ್ದು ಮೊದಲು ಯಾವುದು, ಆಮೇಲೆ ಯಾವುದು ಎಂಬ ಕ್ರಮ. ಓದುಗರು ಬಂದರು, ಮಾತಾಡಿದರು, ಅಂಗಡಿ ಅನಂತರ ಎದ್ದಿತು. ಬೆಂಗಳೂರಿನ ‘ದ ಬೆಟರ್ ಇಂಡಿಯಾ’ ಕೂಡ 2008ರಲ್ಲಿ ದಂಪತಿಯೊಂದರ ಬ್ಲಾಗಾಗಿಯೇ ಹುಟ್ಟಿದ್ದು. ಒಳ್ಳೆಯ ಕೆಲಸಗಳ ಸುದ್ದಿ ಬರೆಯುತ್ತ ಬೆಳೆದು, ವರ್ಷಗಳ ನಂತರ ಪರಿಸರಸ್ನೇಹಿ ಮನೆಬಳಕೆಯ ಸಾಮಾನು ಮಾರಲು ಇಳಿಯಿತು.

ತಂತ್ರಜ್ಞಾನವೇನೋ ಈಗ ಸಲೀಸು. ವರ್ಡ್‌ಪ್ರೆಸ್‌ನಲ್ಲಿ ನಡೆಯುವ ಬ್ಲಾಗಿಗೆ 2011ರಲ್ಲಿ ಬಂದ ವೂಕಾಮರ್ಸ್ ಎಂಬ ಉಚಿತ ಪ್ಲಗಿನ್ ಸೇರಿಸಿದರೆ ಕಾರ್ಟ್, ಬಿಲ್ಲು ಎಲ್ಲ ಸಿದ್ಧ. ಆದರೆ ಸೇರಿಸಿದ ಮೇಲೆ ಒಳಗೆ ಏನಾಗುತ್ತದೆ ಎಂಬುದನ್ನು ಇಣುಕಿ ನೋಡಬೇಕು. ವರ್ಡ್‌ಪ್ರೆಸ್ ಲೇಖನಗಳನ್ನು ಡೇಟಾಬೇಸಿನ ‘ಪೋಸ್ಟ್ಸ್’ ಎಂಬ ಕೋಷ್ಟಕದಲ್ಲಿ ಇಡುತ್ತದೆ. ವೂಕಾಮರ್ಸ್ ತನ್ನ ಸರಕನ್ನೂ ಅದೇ ಕೋಷ್ಟಕಕ್ಕೆ ತುಂಬುತ್ತದೆ. ಉಪ್ಪಿನಕಾಯಿ ಹಾಕುವ ಬಗೆ ವಿವರಿಸುವ ಲೇಖನ ಒಂದು ಸಾಲು. ಅರ್ಧ ಕಿಲೋ ಅಪ್ಪೆಮಿಡಿಯ ಬಾಟಲಿ ಅದರ ಕೆಳಗಿನ ಸಾಲು. ಒಂದರ ಎದುರು ‘ಪೋಸ್ಟ್’, ಇನ್ನೊಂದರ ಎದುರು ‘ಪ್ರಾಡಕ್ಟ್’ ಎಂಬ ಗುರುತು, ಅಷ್ಟೇ. 2023ರಿಂದ ಹೊಸ ಅಂಗಡಿಗಳ ಆರ್ಡರುಗಳಿಗೆ ಪ್ರತ್ಯೇಕ ಕೋಷ್ಟಕ ಬಂತು. ಸರಕು ಮಾತ್ರ ಇಂದಿಗೂ ಬರಹದ ಪಕ್ಕದಲ್ಲೇ ಇದೆ.

ಯಂತ್ರಕ್ಕೆ ಇಷ್ಟು ಗುರುತು ಸಾಕು. ಓದುಗರಿಗೆ ಸಾಲದು.

ಇನ್ನೊಂದು ತೊಡಕಿದೆ. ಲೇಖನದ ಪುಟ ಎಲ್ಲರಿಗೂ ಒಂದೇ, ಹಾಗಾಗಿ ಅದರ ಪ್ರತಿಯನ್ನು ಕ್ಯಾಶ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿಟ್ಟು ಬೇಗ ಬೇಗ ಬಡಿಸಬಹುದು. ಕಾರ್ಟ್ ಒಬ್ಬೊಬ್ಬರದು ಒಂದೊಂದು. ಆ ಪುಟವನ್ನೂ, ಹಣ ಕಟ್ಟುವ ಪುಟವನ್ನೂ ಕ್ಯಾಶ್‌ನಿಂದ ಹೊರಗಿಡದಿದ್ದರೆ ಒಬ್ಬರು ಆರಿಸಿದ್ದು ಇನ್ನೊಬ್ಬರಿಗೆ ಕಾಣಿಸಿಬಿಡಬಹುದು.

ಬರೆದವರೇ ಮಾರುವುದು ಕನ್ನಡಕ್ಕೆ ಹೊಸತಲ್ಲ. ‘ಸದ್ಬೋಧ ಚಂದ್ರಿಕೆ’ಯ ಸಂಪಾದಕರಾಗಿದ್ದ ಗಳಗನಾಥರು ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ಅಲೆದು ಮಾರಿದರು. ಕೊಳ್ಳುವವರ ಕಣ್ಣೆದುರಿಗೆ ಬರೆದವರೇ ನಿಂತಿರುತ್ತಿದ್ದರು. ಮೊಬೈಲ್ ಪರದೆಯ ಮೇಲೆ ಆ ಮುಖವಿಲ್ಲ. ಆ ಕೊರತೆಯನ್ನು ಕೊಂಚವಾದರೂ ತುಂಬುವುದು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು. ಮಾರುವವರು ತಮ್ಮ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ವಿವರಗಳನ್ನು ತಾಣದಲ್ಲಿ ಹಾಕಬೇಕು. ದೂರು ಬಂದ 48 ಗಂಟೆಯೊಳಗೆ ತಲುಪಿತೆಂದು ತಿಳಿಸಬೇಕು, ತಿಂಗಳೊಳಗೆ ಬಗೆಹರಿಸಬೇಕು. ಸ್ವಂತ ದಾಸ್ತಾನು ಮಾರುವವರು ಗ್ರಾಹಕರ ಸೋಗಿನಲ್ಲಿ ತಮ್ಮ ಸರಕಿಗೆ ತಾವೇ ವಿಮರ್ಶೆ ಬರೆಯಕೂಡದೆಂದೂ ನಿಯಮ ಸ್ಪಷ್ಟವಾಗಿ ಹೇಳುತ್ತದೆ.

ಬ್ಲಾಗರುಗಳಿಗೆ ಎಲ್ಲಕ್ಕಿಂತ ಹತ್ತಿರದ ಮಾತು ಈ ಕೊನೆಯದೇ. ಹತ್ತು ವರ್ಷ ಅಡುಗೆ ಬರೆದವರು ‘ಈ ಎಣ್ಣೆ ಚೆನ್ನಾಗಿದೆ’ ಎಂದಾಗ ಜನ ನಂಬುವುದು ಆ ಹತ್ತು ವರ್ಷದ ಬರಹವನ್ನು. ಎಣ್ಣೆ ತಮ್ಮದೇ ಅಂಗಡಿಯದಾಗಿದ್ದರೆ ಅದನ್ನು ಲೇಖನದ ಮೊದಲ ಸಾಲಿನಲ್ಲೇ ಹೇಳಬೇಕು. ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ ಅಲ್ಲ. ಬೇರೆಯವರ ಎಣ್ಣೆಯನ್ನು ಹೊಗಳಿದ್ದ ಹಳೆಯ ಲೇಖನಗಳನ್ನು ಸದ್ದಿಲ್ಲದೆ ತಿದ್ದುವುದು ಇನ್ನೂ ಕೆಟ್ಟದ್ದು. ಓದುಗರು ಅದನ್ನು ಕಂಡುಹಿಡಿಯುತ್ತಾರೆ, ಮತ್ತೆ ಬರುವುದಿಲ್ಲ.

ಹಳೆಯ ಲೇಖನಗಳ ವಿಳಾಸಗಳಿಗೂ ಇದೇ ಕಾಳಜಿ ಬೇಕು. ಅಂಗಡಿ ಕೂಡಿಸುವ ಭರದಲ್ಲಿ ತಾಣದ ರಚನೆಯನ್ನೇ ಬದಲಿಸಿದರೆ, ಗೂಗಲ್‌ನಿಂದಲೂ ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಂಡ ಕೊಂಡಿಗಳಿಂದಲೂ ಬರುವವರಿಗೆ ಸಿಗುವುದು ‘ಪುಟ ಇಲ್ಲ’ ಎಂಬ ಉತ್ತರ. ಬರಹಗಳನ್ನು ಇದ್ದಲ್ಲೇ ಬಿಟ್ಟು ಅಂಗಡಿಗೆ ಅದೇ ತಾಣದಲ್ಲಿ ಹೊಸ ಕವಲು ತೆರೆಯುವುದು ಮೇಲು. ವಿಳಾಸ ಬದಲಿಸಲೇಬೇಕಾದರೆ ಪ್ರತಿ ಹಳೆಯ ಕೊಂಡಿಯನ್ನೂ 301 ಎಂಬ ಶಾಶ್ವತ ಮರುನಿರ್ದೇಶನದಿಂದ ಹೊಸದಕ್ಕೆ ಜೋಡಿಸಬೇಕು. ಅಪ್ಪೆಮಿಡಿಯ ದಾಸ್ತಾನು ಖಾಲಿಯಾದ ತಿಂಗಳುಗಳಲ್ಲೂ ಉಪ್ಪಿನಕಾಯಿಯ ಲೇಖನ ಹುಡುಕಿ ಬಂದವರಿಗೆ ಪೂರ್ತಿಯಾಗಿ ಸಿಗುತ್ತಿರಬೇಕು, ಮನೆಯಲ್ಲೇ ಹಾಕಿಕೊಳ್ಳುವ ವಿಧಾನದ ಸಮೇತ.