ಲಾರಿಗೆ ವಯಸ್ಸು ಕೇಳುತ್ತಾರೆ, ಬ್ರೇಕು ಕೇಳುವವರಿಲ್ಲ!

ಹೊಸಪೇಟೆಯಿಂದ ತೋರಣಗಲ್ಲು, ಬಳ್ಳಾರಿ ಕಡೆ ಬಸ್ಸಿನಲ್ಲಿ ಓಡಾಡುವವರಿಗೆ ಈ ನೋಟ ಹೊಸದಲ್ಲ. ರಸ್ತೆ ಬದಿಯ ಗ್ಯಾರೇಜು. ಚಕ್ರ ಬಿಚ್ಚಿಸಿಕೊಂಡು ಮರದ ದಿಮ್ಮಿಗಳ ಮೇಲೆ ಕೂತ ಹಳೇ ಟಿಪ್ಪರು. ಅದರ ಹೊಟ್ಟೆಯಡಿ ಗೋಣಿಚೀಲ ಹಾಸಿ ಮಲಗಿದ ಮೆಕ್ಯಾನಿಕ್ಕು. ಪಕ್ಕದಲ್ಲಿ ಕೈಕಟ್ಟಿ ನಿಂತ ಮಾಲೀಕ. ಅವನ ಮುಖದಲ್ಲಿ ಒಂದೇ ಪ್ರಶ್ನೆ: ಇದಕ್ಕೆ ಇನ್ನೂ ದುಡ್ಡು ಸುರಿಯಬೇಕೋ, ಗುಜರಿಗೆ ತಳ್ಳಬೇಕೋ?

ಮೇಲ್ನೋಟಕ್ಕೆ ಇದು ಅವನ ಮನೆಯ ಲೆಕ್ಕ. ಆದರೆ ಆ ಟಿಪ್ಪರಿನ ಹಿಂದೆ ಮುಂದೆ ಬಸ್ಸಿನಲ್ಲಿ ಕೂತು ಹೋಗುವವರು ಊರಿನ ಜನ. ಅದು ತರುವ ಜಲ್ಲಿ, ಮರಳು, ಭತ್ತದ ಬಾಡಿಗೆ ಸೇರುವುದು ಅಂಗಡಿಯ ಬೆಲೆಗೆ. ಹಾಗಾಗಿ ಲೆಕ್ಕ ಊರಿನದೂ ಹೌದು.

ಗಣಿ ಬಿಟ್ಟುಹೋದ ಸಂತಾನ

ಈ ಭಾಗದಲ್ಲಿ ಇಷ್ಟೊಂದು ಹಳೇ ಟಿಪ್ಪರುಗಳು ಬಂದದ್ದು ಹೇಗೆ ಎಂಬುದು ಗುಟ್ಟೇನಲ್ಲ. ಚೀನಾ ದೇಶ ಕಬ್ಬಿಣದ ಅದಿರಿಗೆ ಬಾಯಿ ತೆರೆದ ಕಾಲದಲ್ಲಿ ಸಂಡೂರು, ಹೊಸಪೇಟೆ, ಬಳ್ಳಾರಿಯಲ್ಲಿ ಲಾರಿ ಇದ್ದವನೇ ರಾಜ. ಹೊಲ ಅಡವಿಟ್ಟು ಲಾರಿ ಕೊಂಡವರಿದ್ದರು, ಹೆಂಡತಿಯ ಒಡವೆ ಮಾರಿ ಮೊದಲ ಕಂತು ಕಟ್ಟಿದವರಿದ್ದರು. ಹಗಲು ರಾತ್ರಿ ಎನ್ನದೆ ಗಾಡಿ ಓಡಿತು, ರಸ್ತೆಗಳು ಕೆಂಪಾದವು.

2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಅದೇ ಗತಿ. ಒಂದೇ ಏಟಿಗೆ ಲಾರಿಗಳು ನಿಂತವು. ಕಂತು ಕಟ್ಟಲಾಗದೆ ಕೆಲವರ ಗಾಡಿ ಫೈನಾನ್ಸಿನವರ ಪಾಲಾಯಿತು. 2013ರಲ್ಲಿ ಕೋರ್ಟು ಕಟ್ಟುಪಾಡು ಹಾಕಿ ಗಣಿಗಳಿಗೆ ಮತ್ತೆ ದಾರಿ ಮಾಡಿಕೊಟ್ಟಿತಾದರೂ ಆ ಹಳೇ ವೈಭವ ತಿರುಗಿ ಬರಲಿಲ್ಲ.

ಉಳಿದ ಟಿಪ್ಪರುಗಳು ಬೇರೆ ದುಡಿಮೆ ಹುಡುಕಿಕೊಂಡವು. ಅದಿರಿನ ಜಾಗಕ್ಕೆ ಜಲ್ಲಿ ಬಂತು, ಇಟ್ಟಿಗೆ ಬಂತು, ಗೊಬ್ಬರ ಬಂತು. ಸುಗ್ಗಿಯಲ್ಲಿ ಸಿರುಗುಪ್ಪ, ಗಂಗಾವತಿ ಸೀಮೆಯ ಭತ್ತ ಬಂತು. ಹಾಗೆ ದುಡಿಯುತ್ತಾ ಬಂದ ಗಾಡಿಗಳಿಗೆ ಈಗ ವಯಸ್ಸಾಗಿದೆ. 2005ರಲ್ಲಿ ಕೊಂಡದ್ದು 20 ದಾಟಿದೆ, 2010ರದ್ದು 15 ದಾಟಿದೆ. ಸರ್ಕಾರದ ಹೊಸ ಲೆಕ್ಕ ಬಂದು ಬಡಿದದ್ದು ಸರಿಯಾಗಿ ಈ ವಯಸ್ಸಿನ ಮೇಲೆ.

ಮೂಗಿಗಿಂತ ಮೂಗುತಿ ಭಾರ

15 ವರ್ಷ ಆದ ಕೂಡಲೇ ಲಾರಿಯನ್ನು ಗುಜರಿಗೆ ಹಾಕಲೇಬೇಕು ಎಂಬ ಮಾತು ಚಹಾ ಅಂಗಡಿಗಳಲ್ಲಿ ಹರಿದಾಡುತ್ತದೆ. ಅದು ಪೂರ್ತಿ ನಿಜವಲ್ಲ. ದಿಲ್ಲಿ ಸುತ್ತಮುತ್ತಲಿನ ಕಟ್ಟಳೆ ಬೇರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಗುಜರಿ ನೀತಿಯ ಪ್ರಕಾರ ಖಾಸಗಿಯವರ ಸರಕು ವಾಹನ ಎಫ್‌ಸಿ ಪರೀಕ್ಷೆ ಪಾಸಾದರೆ ಓಡಬಹುದು, ಫೇಲಾದರೆ ಮಾತ್ರ ಅದರ ಕಥೆ ಮುಗಿಯಿತು. 15 ತುಂಬಿದ ಕೂಡಲೇ ನಿಲ್ಲಿಸಬೇಕಾದ್ದು ಸರ್ಕಾರದ್ದೇ ವಾಹನಗಳನ್ನು. ಸಾರಿಗೆ ನಿಗಮದ ಬಸ್ಸುಗಳೂ ಸೇರಿ ಅವುಗಳ ನೋಂದಣಿಯನ್ನು 2023ರ ಏಪ್ರಿಲ್ 1ರ ನಂತರ ನವೀಕರಿಸುವಂತಿಲ್ಲ ಎಂದು ನಿಯಮವೇ ಬಂತು.

ಹಾಗಾದರೆ ಖಾಸಗಿ ಲಾರಿಯವನ ತಲೆನೋವು ಏನು? ಎಫ್‌ಸಿ ಶುಲ್ಕ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. 2021ರ ಅಕ್ಟೋಬರಿನ ಅಧಿಸೂಚನೆಯಲ್ಲಿ 15 ದಾಟಿದ ಭಾರಿ ವಾಹನಕ್ಕೆ 12,500 ರೂಪಾಯಿ ಎಂದು ಬರೆದರು. 2025ರ ನವೆಂಬರಿನಲ್ಲಿ ಇನ್ನೊಂದು ಮೆಟ್ಟಿಲು ಹತ್ತಿ 20 ದಾಟಿದ್ದಕ್ಕೆ 25,000 ರೂಪಾಯಿ ಎಂದು ನಿಗದಿ ಮಾಡಿದರು. ಅದೇ ವರ್ಷ ಏಪ್ರಿಲಿನಲ್ಲಿ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದಾಗ ಡೀಸೆಲ್ ದರ, ಟೋಲ್ ಕಾಟದ ಜೊತೆಗೆ ಈ ಶುಲ್ಕದ ಮಾತೂ ಬೇಡಿಕೆ ಪಟ್ಟಿಯಲ್ಲಿತ್ತು.

ವರ್ಷಕ್ಕೆ 25,000 ಎಂದರೆ ತಿಂಗಳಿಗೆ ಎರಡು ಸಾವಿರದ ಮೇಲೆ. ಹತ್ತು ಲಾರಿ ಇದ್ದವನಿಗೆ ಅದು ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು. ಒಂದೇ ಲಾರಿ ಇಟ್ಟು, ತಾನೇ ಸ್ಟೇರಿಂಗು ಹಿಡಿದು ಮನೆ ನಡೆಸುವವನಿಗೆ ಹೆಚ್ಚು ಕಡಿಮೆ ಒಂದು ಹೊಸ ಟೈರಿನ ಬೆಲೆ. ಆ ದುಡ್ಡು ಎಲ್ಲಿಂದ ಬರಬೇಕು? ಟೈರಿನಿಂದಲೇ, ಬ್ರೇಕ್ ಲೈನರಿನಿಂದಲೇ ಉಳಿಸಬೇಕು. ಸುರಕ್ಷತೆಯ ಹೆಸರಲ್ಲಿ ವಸೂಲಾಗುವ ಹಣ ಸುರಕ್ಷತೆಯ ಖರ್ಚಿಗೇ ಕತ್ತರಿ ಹಾಕುವುದಾದರೆ ಅದಕ್ಕೆ ಏನೆನ್ನಬೇಕು?

ಹೊಸದು ಕೊಳ್ಳಲಿ ಎನ್ನುವುದು ಸುಲಭ. ಹತ್ತು ಚಕ್ರದ ಹೊಸ ಗಾಡಿಗೆ 30 ಲಕ್ಷದ ಮೇಲೆ ಬೇಕು. ಹಳೆಯದನ್ನು ಗುಜರಿ ಕೇಂದ್ರಕ್ಕೆ ಕೊಟ್ಟರೆ ಹೊಸ ಗಾಡಿಯ ಬೆಲೆಯ ನೂರಕ್ಕೆ ನಾಲ್ಕರಿಂದ ಆರು ರೂಪಾಯಿ ಸಿಗಬಹುದು, ರಸ್ತೆ ತೆರಿಗೆಯಲ್ಲಿ ನೂರಕ್ಕೆ 15ರವರೆಗೆ ರಿಯಾಯಿತಿ ಕೊಡಬಹುದು ಎಂದು ನೀತಿಯಲ್ಲಿದೆ. ಇದೆಲ್ಲಾ ಸರಿ. ಆದರೆ ಸುಗ್ಗಿಯ ನಾಲ್ಕು ತಿಂಗಳು ಬಿಗಿ ದುಡಿಮೆ, ಉಳಿದ ಎಂಟು ತಿಂಗಳು ಸಿಕ್ಕಿದ ಬಾಡಿಗೆ ಎನ್ನುವವನಿಗೆ ಅಷ್ಟು ದೊಡ್ಡ ಕಂತು ಕಟ್ಟುವ ತಾಕತ್ತು ಎಲ್ಲಿಂದ ಬರಬೇಕು?

ಹಳೇ ಗಾಡಿ ಬದುಕುವುದು ಹೇಗೆ

20 ವರ್ಷದ ಲಾರಿ ಇನ್ನೂ ಓಡುತ್ತಿದೆ ಎಂದರೆ ಅದು ಪವಾಡವಲ್ಲ, ಬಿಚ್ಚಿ ಕಟ್ಟಲು ಬರುವಂತೆ ಮಾಡಿದ ಗಾಡಿ ಅದು. ಅದರ ಡೀಸೆಲ್ ಪಂಪಿನಲ್ಲಿ ಕಂಪ್ಯೂಟರ್ ಇಲ್ಲ. ಬೆಂಗಳೂರಿನ ಮೈಕೋ ಕಾರ್ಖಾನೆಯ ಪಂಪೆಂದರೆ ಊರೂರಿನ ಪಂಪ್ ಅಂಗಡಿಯವರಿಗೆ ಅಂಗೈ ಗೆರೆ. ನಾಝಲ್ ಸವೆದರೆ ಬದಲಿಸಿ, ಪಂಪನ್ನು ಟೆಸ್ಟ್ ಬೆಂಚಿಗೆ ಕಟ್ಟಿ ಅಳತೆ ಸರಿಮಾಡಿ ಕೊಡುತ್ತಾರೆ. ಇಂಜಿನ್ ಸವೆದರೆ ಹೆಡ್ಡು ಇಳಿಸಿ ಪಿಸ್ಟನ್ನು, ರಿಂಗು, ಬೇರಿಂಗು ಬದಲಿಸುತ್ತಾರೆ. ಕಂಪನಿ ಮಾಡುವುದು ಬಿಟ್ಟ ಬುಶ್ಶು, ಪಿನ್ನುಗಳನ್ನು ಲೇತಿನ ಮೇಲೆ ಕಡೆದು ಕೊಡುತ್ತಾರೆ. ಆ ಲೇತುಗಳೂ ಎಷ್ಟೋ ಕಡೆ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯವು. ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿದರೂ ಅದು ಮಾಡಿದ ಲೇತು ತಿರುಗುತ್ತಲೇ ಇದೆ.

ಟ್ರೈಲರುಗಳ ಕಥೆಯೂ ಅಷ್ಟೇ. ಎಳೆಯುವ ಗಾಡಿಗೂ ಟ್ರೈಲರಿಗೂ ಇರುವ ನಂಟು ಒಂದು ಕಿಂಗ್ ಪಿನ್ನು. ಅದು ಎಷ್ಟು ಸವೆದಿದೆ ಎಂದು ಅಳೆದು ನೋಡುವ ಮಾಲೀಕ ಬುದ್ಧಿವಂತ, ನೋಡದವನು ದೇವರ ಮೇಲೆ ಭಾರ ಹಾಕಿದವನು. ಗಣಿಯಲ್ಲಿ ದುಡಿಯುವ ಹಿಟಾಚಿಗೆ ಧೂಳೇ ಶತ್ರು. ಹೈಡ್ರಾಲಿಕ್ ಎಣ್ಣೆಗೆ ಧೂಳು ಸೇರಿದರೆ ಪಂಪಿಗೆ ಲಕ್ಷಗಟ್ಟಲೆ ಖರ್ಚು. ಹೊತ್ತಿಗೆ ಸರಿಯಾಗಿ ಫಿಲ್ಟರ್ ಬದಲಿಸಿ, ಪಿನ್ನು ಬುಶ್ಶಿಗೆ ದಿನಾ ಗ್ರೀಸ್ ಹೊಡೆದರೆ ಅದೇ ಯಂತ್ರ ವರ್ಷಗಟ್ಟಲೆ ದುಡಿಯುತ್ತದೆ.

ಹೊಸ ಬಿಎಸ್-6 ಗಾಡಿಗಳದ್ದು ಬೇರೆ ಜಾತಿ. ಸೆನ್ಸರ್ ಕೆಟ್ಟರೆ ಸ್ಪ್ಯಾನರಿನಿಂದ ಉಪಯೋಗವಿಲ್ಲ, ಲ್ಯಾಪ್‌ಟಾಪ್ ಬೇಕು. ಯೂರಿಯಾ ದ್ರಾವಣ ಮುಗಿದರೆ ಗಾಡಿ ಮುನಿಸಿಕೊಳ್ಳುತ್ತದೆ. ನಡುದಾರಿಯಲ್ಲಿ ನಿಂತರೆ ಕಂಪನಿಯವರೇ ಬರಬೇಕು. ರೈತನ ಹೊಲದಿಂದ ಮಿಲ್ಲಿಗೆ ಓಡುವವನಿಗೆ ಹಳೇ ಗಾಡಿಯೇ ಹಿತ ಎನಿಸುವುದರಲ್ಲಿ ಆಶ್ಚರ್ಯವಿಲ್ಲ.

ಮಾಲೀಕರೂ ಸಾಚಾ ಅಲ್ಲ

ಇಷ್ಟು ಹೇಳಿದ ಮೇಲೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಹಳೇ ಇಂಜಿನ್ನು ಹೊಗೆ ಉಗುಳುತ್ತದೆ ಎಂಬುದು ಸುಳ್ಳಲ್ಲ. ಬಿಎಸ್-3 ಗಾಡಿಗೆ ಎಷ್ಟು ಮಸಿ ಬಿಡಲು ಅನುಮತಿ ಇತ್ತೋ, ಬಿಎಸ್-6ಕ್ಕೆ ಅದರ ಹತ್ತರಲ್ಲಿ ಒಂದು ಪಾಲು ಮಾತ್ರ. ಪಂಪನ್ನು ಎಷ್ಟೇ ಸರಿಮಾಡಿದರೂ ಹಳೆಯದು ಹೊಸದರ ಸಮ ಆಗುವುದಿಲ್ಲ. ರಸ್ತೆ ಬದಿ ಅಂಗಡಿ ಇಟ್ಟವರ ಶ್ವಾಸಕೋಶಕ್ಕೆ ಇದು ಗೊತ್ತು.

ಅದಕ್ಕಿಂತ ದೊಡ್ಡ ಪಾಪ ಬ್ರೇಕಿನದು. ಗಾಳಿ ಟ್ಯಾಂಕಿಯಲ್ಲಿ ನೀರು ಕೂರುತ್ತದೆ, ದಿನಾ ಬೆಳಿಗ್ಗೆ ಕೆಳಗಿನ ತಿರುಪು ಬಿಚ್ಚಿ ಅದನ್ನು ಬಿಡಬೇಕು. ಎರಡು ನಿಮಿಷದ ಕೆಲಸ. ಮಾಡದಿದ್ದರೆ ಒಳಗಿನ ವಾಲ್ವು ತುಕ್ಕು ಹಿಡಿಯುತ್ತದೆ. ಲೈನರ್ ಸವೆದು ರಿವೆಟ್ಟು ಡ್ರಮ್ಮನ್ನು ಕೆರೆಯುವವರೆಗೂ ಓಡಿಸುವವರಿದ್ದಾರೆ. ಮುರಿದ ಸ್ಪ್ರಿಂಗ್ ಪ್ಲೇಟಿನ ಮೇಲೆಯೇ ಇನ್ನೆರಡು ಟ್ರಿಪ್ ಎಂದು ಭಾರ ಹೇರುವವರಿದ್ದಾರೆ. ಬಿರುಕು ಬಿಟ್ಟ ಚಾಸಿಗೆ ಸಿಕ್ಕಲ್ಲಿ ವೆಲ್ಡಿಂಗ್ ಹೊಡೆಸಿ, ಮೇಲೆ ಬಣ್ಣ ಬಳಿದು ಕೈತೊಳೆದುಕೊಳ್ಳುವವರೂ ಇದ್ದಾರೆ.

ಎಫ್‌ಸಿ ದಿನದ ನಾಟಕವಂತೂ ಎಲ್ಲರಿಗೂ ಗೊತ್ತಿರುವ ಗುಟ್ಟು. ಪಕ್ಕದವನ ಒಳ್ಳೇ ಟೈರು ಆ ದಿನದ ಮಟ್ಟಿಗೆ ಸಾಲ ಬರುತ್ತದೆ. ಹಿಂದಿನ ದೀಪ ಆ ದಿನ ಮಾತ್ರ ಉರಿಯುತ್ತದೆ. ಮುಂಭಾಗಕ್ಕೆ ಹೊಸ ಬಣ್ಣ, ನಂಬರ್ ಪ್ಲೇಟಿಗೆ ಹೂವು. ಸಂಜೆಗೆ ಕಾಗದ ಕೈಗೆ, ಟೈರು ವಾಪಸ್ ಪಕ್ಕದವನಿಗೆ. ಕಾಗದದ ಮೇಲೆ ಗಟ್ಟಿಮುಟ್ಟಾದ ಲಾರಿ, ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದಿಲ್ಲ. ಮುಂದೆ ಹೋಗುತ್ತಿರುವ ಬಸ್ಸಿನಲ್ಲಿ ಕೂತವರಿಗೆ ಆ ಕಾಗದದಿಂದ ಏನು ಪ್ರಯೋಜನ?

ಅಳೆಯಬೇಕಾದದ್ದು ಯಾವುದು

ಇಲ್ಲಿಯೇ ಇರುವುದು ವಿಷಯದ ತಿರುಳು. ಹೊಗೆಯ ಮಾತು ಬೇರೆ, ಬ್ರೇಕಿನ ಮಾತಿಗೆ ವರ್ಷ ಅಳತೆಗೋಲಾಗುವುದಿಲ್ಲ. ನಾಲ್ಕು ವರ್ಷದ ಗಾಡಿಗೆ ಮಿತಿಮೀರಿ ಭಾರ ಹೇರಿ ಬ್ರೇಕು ಕೆಡಿಸಿಕೊಂಡವನು ಕಡಿಮೆ ಶುಲ್ಕ ಕಟ್ಟಿ ಓಡಾಡುತ್ತಾನೆ. 20 ವರ್ಷದ ಗಾಡಿಯನ್ನು ಮಗುವಿನಂತೆ ನೋಡಿಕೊಂಡವನು ದಂಡದಂಥ ಶುಲ್ಕ ಕಟ್ಟುತ್ತಾನೆ. ವಯಸ್ಸನ್ನು ಆರ್‌ಸಿ ಪುಸ್ತಕ ನೋಡಿ ಕುರ್ಚಿಯಲ್ಲಿ ಕೂತೇ ಹೇಳಬಹುದು. ಬ್ರೇಕು ನೋಡಲು ಎದ್ದು ಹೋಗಬೇಕು.

ಯಂತ್ರದಿಂದಲೇ ಪರೀಕ್ಷೆ ಮಾಡುವ ಕೇಂದ್ರಗಳ ಮಾತು ಬಂದದ್ದು ಇದಕ್ಕಾಗಿಯೇ. ಅಲ್ಲಿ ಲಾರಿಯ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಪ್ರತಿ ಚಕ್ರದ ಬ್ರೇಕು ಎಷ್ಟು ಹಿಡಿಯುತ್ತದೆ ಎಂದು ಅಳೆಯುತ್ತಾರೆ. ಸ್ಟೇರಿಂಗಿನ ಸಡಿಲು, ಹೆಡ್‌ಲೈಟು, ಹೊಗೆ ಎಲ್ಲದಕ್ಕೂ ಯಂತ್ರ ಉಂಟು. ಅಂಕಿ ಬರೆಯುವುದೂ ಯಂತ್ರವೇ. ಭಾರಿ ವಾಹನಗಳಿಗೆ ಇಂಥ ಕೇಂದ್ರದಲ್ಲೇ ಪರೀಕ್ಷೆ ಆಗಬೇಕು ಎಂದು ಕೇಂದ್ರ ಮೊದಲು 2023ರ ಏಪ್ರಿಲ್ ಎಂದಿತು, ಆಮೇಲೆ 2024ರ ಅಕ್ಟೋಬರ್ 1 ಎಂದಿತು. ಗಡುವಿಗೆ ತಕ್ಕಂತೆ ಕೇಂದ್ರಗಳು ತಲೆ ಎತ್ತಿದ್ದರೆ ಗಡುವು ಮುಂದೂಡುವ ಪ್ರಮೇಯ ಬರುತ್ತಿರಲಿಲ್ಲ.

ಯಂತ್ರ ಕೂರಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಸಾಲದ ಟೈರು ಅಲ್ಲಿಗೂ ಬರಬಹುದು. ಆದರೆ ಫೇಲಾದವನ ಕೈಗೆ ಯಾವ ಚಕ್ರದಲ್ಲಿ ಏನು ಕೊರತೆ ಎಂಬ ಪಟ್ಟಿ ಕನ್ನಡದಲ್ಲಿ ಸಿಕ್ಕರೆ, ಅದನ್ನು ಸರಿಪಡಿಸಿ ಮತ್ತೆ ಬರಲು ದಾರಿ ಇದ್ದರೆ, ಗ್ಯಾರೇಜಿನವನಿಗೂ ಕೆಲಸ, ರಸ್ತೆಗೂ ಕ್ಷೇಮ. ಬ್ರೇಕು ಚೆನ್ನಾಗಿದ್ದವನಿಗೆ ಶುಲ್ಕದಲ್ಲಿ ರಿಯಾಯಿತಿ, ಕೆಡಿಸಿಕೊಂಡವನಿಗೆ ಬರೆ. ವರ್ಷಕ್ಕೆ ದಂಡ ಹಾಕುವ ಬದಲು ಸ್ಥಿತಿಗೆ ದಂಡ ಹಾಕಿದರೆ ದುಡ್ಡು ಲೈನರಿಗೆ ಹೋಗುತ್ತದೆ. ಹೊಗೆಗೂ ಅದೇ ನ್ಯಾಯ: ಮಿತಿ ಮೀರಿ ಮಸಿ ಉಗುಳುವ ಗಾಡಿ, ಎಷ್ಟೇ ಮುದ್ದಿನದಾದರೂ, ನಿಲ್ಲಲೇಬೇಕು.

ಗೇಟಿನ ಪಾಠ

ಹಳೇ ಯಂತ್ರ ನೋಡಿಕೊಳ್ಳುವ ವಿಚಾರ ಹೊಸಪೇಟೆಯವರಿಗೆ ಬೇರೆಯವರು ಬಂದು ಹೇಳಿಕೊಡಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ಏಳು ದಶಕದ ಅಣೆಕಟ್ಟೆ, 33 ಗೇಟು. ಅದರಲ್ಲಿ ಒಂದರ ಸರಪಳಿ ಕಡಿದದ್ದಕ್ಕೆ ಮೂರು ರಾಜ್ಯದ ರೈತರು ಎದೆ ಹಿಡಿದುಕೊಂಡು ಕೂತರು. ಅಣೆಕಟ್ಟೆ ಹಳೆಯದೆಂದು ಯಾರೂ ಅದನ್ನು ಗುಜರಿಗೆ ಹಾಕು ಎನ್ನಲಿಲ್ಲ. ಸರಪಳಿ ನೋಡಿ, ಗೇಟು ನೋಡಿ ಎಂದರು. ಲಾರಿಗೂ ಬೇಕಾದದ್ದು ಅದೇ ಮಾತು.

ಮಾಲೀಕರ ಸಂಘಗಳು ಶುಲ್ಕ ಇಳಿಸಿ ಎಂದು ಕೂಗುವುದು ನ್ಯಾಯ. ಜೊತೆಗೆ ಬ್ರೇಕು ಕೆಟ್ಟ ಗಾಡಿಯನ್ನು ನಾವೇ ರಸ್ತೆಗೆ ಬಿಡುವುದಿಲ್ಲ ಎಂದೂ ಕೂಗಿದರೆ ಆ ಕೂಗಿಗೆ ತೂಕ ಬರುತ್ತದೆ. ಇಲಾಖೆಯವರು ಶುಲ್ಕ ವಸೂಲಿಗೆ ತೋರುವ ಚುರುಕನ್ನು ಪರೀಕ್ಷೆಗೂ ತೋರಿದರೆ ಜನ ಮೆಚ್ಚುತ್ತಾರೆ. ಕಡಿಮೆ ಬಾಡಿಗೆಗೆ ಹೆಚ್ಚು ಭಾರ ಹೇರಿಸುವ ವ್ಯಾಪಾರಸ್ಥರೂ ಒಮ್ಮೆ ಯೋಚಿಸಬೇಕು. ಅವರು ಉಳಿಸಿದ ಆ ನೂರು ರೂಪಾಯಿ ಯಾರದೋ ಬ್ರೇಕಿನಿಂದ ಉಳಿದ ಹಣ.

ನಾಳೆ ಬೆಳಿಗ್ಗೆ ಮತ್ತೆ ಬಸ್ಸು ಹೊರಡುತ್ತದೆ. ಹಿಂದೆ ಜಲ್ಲಿ ತುಂಬಿದ ಹಳೇ ಟಿಪ್ಪರು ಬರುತ್ತದೆ. ಅದಕ್ಕೆ 15 ವರ್ಷವೋ 25 ವರ್ಷವೋ ಎಂಬುದು ಬಸ್ಸಿನಲ್ಲಿ ಕೂತವರಿಗೆ ಬೇಕಿಲ್ಲ. ಕಾಲಿಟ್ಟರೆ ನಿಲ್ಲುತ್ತದೆಯೇ ಎಂಬುದಷ್ಟೇ ಬೇಕು.