ಸ್ವಯಂಸೇವಕ ಅಂದ್ರ ಯಾರು? ಚಿತ್ತಾಪುರದ ರಸ್ತೆ ಕೇಳ್ತಾ ಅದ



ಪೋಸ್ಟ್ ಉದ್ದ ಅದ. ಪುರುಸೊತ್ತು ಇದ್ದಾಗ ಓದ್ರಿ, ಆದರ ಪೂರ್ತಿ ಓದ್ರಿ. ಅರ್ಧ ಓದಿ ಕಮೆಂಟ್‌ನಲ್ಲಿ ಬೈಯೋರಿಗೆ ನಾನು ಉತ್ತರ ಕೊಡಂಗಿಲ್ಲ.

2025ರ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ನಮ್ಮ ಚಿತ್ತಾಪುರದ ಹೆಸರು ಟಿವಿಯಲ್ಲಿ ಬಂದಷ್ಟು ಹಿಂದೆಂದೂ ಬಂದಿರಲಿಕ್ಕಿಲ್ಲ. ಕುಡಿಯೋ ನೀರಿಗಾಗಿ ಬರಲಿಲ್ಲ, ಸಿಮೆಂಟ್ ಧೂಳಿಗಾಗಿ ಬರಲಿಲ್ಲ, ಕಾಗಿಣಾ ಉಕ್ಕಿ ಹೊಲ ಹೋದಾಗಲೂ ಬರಲಿಲ್ಲ. ಬಂದದ್ದು ಪಥಸಂಚಲನಕ್ಕೆ. ಅಕ್ಟೋಬರ್ 19ಕ್ಕೆ ಆರೆಸ್ಸೆಸ್‌ನವರು ಅನುಮತಿ ಕೇಳಿದರು. ಅದೇ ದಿನ, ಅದೇ ರಸ್ತೆಗೆ ಭೀಮ್ ಆರ್ಮಿಯವರು, ದಲಿತ ಪ್ಯಾಂಥರ್ಸ್‌ನವರು ಅನುಮತಿ ಕೇಳಿದರು. ತಹಸೀಲ್ದಾರ್ ಸಾಹೇಬರು ಕಾನೂನು ಸುವ್ಯವಸ್ಥೆಯ ಕಾರಣ ಕೊಟ್ಟು ಅನುಮತಿ ನಿರಾಕರಿಸಿದರು. ಭಾನುವಾರ ಇದ್ದರೂ ಹೈಕೋರ್ಟ್‌ನ ಕಲಬುರಗಿ ಪೀಠ ಕೂತು ಅರ್ಜಿ ಕೇಳಿತು. ಆಮೇಲೆ ಹೊಸ ಅರ್ಜಿ, ಹೊಸ ದಿನಾಂಕ, ಕಲಬುರಗಿಯಲ್ಲೊಂದು ಶಾಂತಿ ಸಭೆ, ಬೆಂಗಳೂರಿನಲ್ಲಿ ಅಡ್ವೊಕೇಟ್ ಜನರಲ್ ಕಚೇರಿಯಲ್ಲೊಂದು ಸಭೆ. ಕೊನೆಗೆ ನವೆಂಬರ್ 16ಕ್ಕೆ 300 ಜನ, 50 ಬ್ಯಾಂಡ್‌ನವರು ಅಂತ ಲೆಕ್ಕ ಹಾಕಿ ಅನುಮತಿ ಸಿಕ್ಕಿತು. ಪೊಲೀಸರ ಸರ್ಪಗಾವಲಿನಲ್ಲಿ ಪಥಸಂಚಲನ ನಡೀತು, ಯಾವ ಗಲಾಟೆಯೂ ಆಗಲಿಲ್ಲ. ಖರೆ ಮಾತು, ಒಪ್ಪಿಕೊಳ್ಳೋಣ.

ಹಂಗಾದ್ರ ಇವನ ತಕರಾರು ಏನು ಅಂತೀರಿ?

ಮೊದಲನೇ ತಕರಾರು ಮಾತಿನ ಬಗ್ಗೆ. ಒಂದೂವರೆ ತಿಂಗಳು ಪೇಪರ್‌ನವರು, ಟಿವಿಯವರು ಏನು ಬರೆದರು ನೋಡ್ರಿ. ಅವರು ಅರ್ಜಿ ಹಾಕಿದರೆ ಅದು ‘ಪಥಸಂಚಲನ’. ನಮ್ಮವರು ಅರ್ಜಿ ಹಾಕಿದರೆ ಅದು ‘ಪೈಪೋಟಿ’, ‘ಪ್ರಚೋದನೆ’. ಸಂವಿಧಾನದ ಪೀಠಿಕೆ ಹಿಡ್ಕೊಂಡು ನಡೀತೀವಿ ಅಂದವರು ಶಾಂತಿ ಕದಡೋರು, ದಂಡ ಹಿಡ್ಕೊಂಡು ನಡೆಯೋರು ದೇಶಭಕ್ತರು. ಶಾಂತಿ ಸಭೆ ಅಂತ ಕರೆದಾಗ ನಮ್ಮವರನ್ನ ಕುರ್ಚಿ ಮೇಲೆ ಕೂಡಿಸ್ತಾರ, ಚಹಾ ಕೊಡ್ತಾರ. ಆದರ ಸಾಹೇಬರ ಮುಂದಿನ ಫೈಲಿನಲ್ಲಿ ನಾವು ನಾಗರಿಕರಲ್ಲ, ‘ಸಮಸ್ಯೆ’. ಈ ಜಿಲ್ಲೆಯಲ್ಲಿ ಏಪ್ರಿಲ್ 14ರ ಪೂರ್ವಭಾವಿ ಸಭೆಗೆ ಒಂದು ಸಲವಾದರೂ ಹೋದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಅನುಮತಿ ಕೊಡಬಾರದಿತ್ತು ಅಂತ ನಾನು ಹೇಳ್ತಾ ಇಲ್ಲ. ರಸ್ತೆ ಎಲ್ಲರದ್ದು. ಈ ಮಾತನ್ನ ನಮಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ, ಯಾಕಂದ್ರ ‘ಸಾರ್ವಜನಿಕ’ ಅನ್ನೋ ಪದಕ್ಕೆ ಅರ್ಥ ತಂದುಕೊಡಲು ಏಟು ತಿಂದವರು ನಮ್ಮ ಹಿರಿಯರು. ಮಹಾಡ್‌ನ ಚವದಾರ್ ಕೆರೆಯನ್ನ ಅಲ್ಲಿನ ಪುರಸಭೆಯೇ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತ್ತು. ಕಾಗದದ ಮೇಲೆ ಮುಕ್ತ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿದರು. ಅದಕ್ಕ ಊರಿನವರು ಬಡಿಗೆ ತಗೊಂಡು ಬಂದರು. ಆಮೇಲೆ ಕೆರೆಗೆ ಸಗಣಿ, ಗಂಜಲ ಸುರಿದು ‘ಶುದ್ಧಿ’ ಮಾಡಿದರು. ಅವತ್ತೂ ಪ್ರಚೋದನೆ ಮಾಡಿದವರು ಅಂತ ಅನ್ನಿಸಿಕೊಂಡವರು ಯಾರು? ನೀರು ಕುಡಿದವರು! ತಿರುಗಿ ಹೊಡೆಯೋ ತಾಕತ್ತು ನಮ್ಮವರಿಗೆ ಅವತ್ತು ಇತ್ತು. ಬಾಬಾಸಾಹೇಬರು ಬ್ಯಾಡ ಅಂದರು. ಡಿಸೆಂಬರ್‌ನಲ್ಲಿ ಮತ್ತೆ ಸತ್ಯಾಗ್ರಹಕ್ಕೆ ಹೋದಾಗ ಕೋರ್ಟಿನ ತಡೆಯಾಜ್ಞೆ ಬಂತು, ಅದಕ್ಕೂ ತಲೆಬಾಗಿದರು. ಹತ್ತು ವರ್ಷ ಕೇಸು ನಡೆಸಿ 1937ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು. ಕಾನೂನು ಸುವ್ಯವಸ್ಥೆಯ ಪಾಠ ನಮಗೆ ಹೇಳೋರು ಇದನ್ನ ಒಂದು ಸಲ ಓದ್ಕೊಂಡು ಬರಲಿ.

ಅದೇ 1927ರಲ್ಲಿ ಬಾಬಾಸಾಹೇಬರು ಸಮತಾ ಸೈನಿಕ ದಳ ಕಟ್ಟಿದರು. ಅವರೂ ಸ್ವಯಂಸೇವಕರೇ, ಅವರಿಗೂ ಸಮವಸ್ತ್ರ ಇತ್ತು, ಕವಾಯತು ಇತ್ತು. ಅವರ ಕೆಲಸ ಏನಿತ್ತು? ಸಭೆಗೆ ಬಂದ ಹೆಣ್ಣುಮಕ್ಕಳು, ಮುದುಕರು ಹೊಡೆತ ತಿನ್ನದೆ ಮನೆ ಮುಟ್ಟಬೇಕು, ಅದನ್ನ ನೋಡಿಕೊಳ್ಳೋದು. ಸ್ವಯಂಸೇವಕ ಅನ್ನೋ ಪದಕ್ಕೆ ನನಗೆ ಗೊತ್ತಿರೋ ಅರ್ಥ ಇದು. ಭಯ ಹುಟ್ಟಿಸೋದಲ್ಲ, ಭಯ ಇದ್ದವರ ಪಕ್ಕ ನಿಲ್ಲೋದು.

ಇನ್ನು ನೋಂದಣಿ ವಿಚಾರ. ಸಂಘದ ನೋಂದಣಿ ಎಲ್ಲಿ ಅಂತ ಪ್ರಿಯಾಂಕ್ ಖರ್ಗೆಯವರು ಕೇಳಿದರು. ನವೆಂಬರ್‌ನಲ್ಲಿ ಬೆಂಗಳೂರಿಗೆ ಬಂದ ಭಾಗವತರು, ನಾವು 1925ರಲ್ಲಿ ಹುಟ್ಟಿದವರು, ಬ್ರಿಟಿಷರ ಹತ್ತಿರ ಹೋಗಿ ನೋಂದಣಿ ಮಾಡಿಸಬೇಕಿತ್ತೇ ಅನ್ನೋ ಧಾಟಿಯಲ್ಲಿ ಉತ್ತರ ಕೊಟ್ಟರು. ಸಭಿಕರು ಚಪ್ಪಾಳೆ ಹೊಡೆದಿರಬಹುದು. ಬ್ರಿಟಿಷರು ಹೋಗಿ ಎಷ್ಟು ವರ್ಷ ಆಯ್ತು ಸ್ವಾಮಿ? ನಮ್ಮ ಶಹಾಬಾದದ ಓಣಿಯ ಅಂಬೇಡ್ಕರ್ ಯುವಕ ಸಂಘ ಒಂದು ಮೈಕಿನ ಪರ್ಮಿಷನ್‌ಗೆ ಹೋದರೆ ಠಾಣೆಯಲ್ಲಿ ಕೇಳೋದೇ ನೋಂದಣಿ ನಂಬರ್ ಏನು, ಅಧ್ಯಕ್ಷ ಯಾರು, ಆಧಾರ್ ಕಾರ್ಡ್ ತಂದೀಯಾ, ಮುಚ್ಚಳಿಕೆ ಬರೆದುಕೊಡು. ಹತ್ತು ಗಂಟೆಗೆ ಡಿಜೆ ಬಂದ್ ಆಗಬೇಕು. ಆಗಲಿ, ಕಾನೂನು ಅದ, ನಾವು ಬರೆದುಕೊಡ್ತೀವಿ. ನೂರು ವರ್ಷದ ಸಂಘಟನೆಗೂ ಇದೇ ಕಾಗದ, ಇದೇ ಸಾಲು, ಇದೇ ಬೆಂಚು ಇರಲಿ. ಇಷ್ಟೇ ನಾವು ಕೇಳೋದು.

ಈಗ ಸರ್ಕಾರದ ಕಡೆ ಬರ್ತೀನಿ, ಯಾಕಂದ್ರ ಒಂದೇ ಕಡೆ ಬೈದರೆ ಇವ ಕಾಂಗ್ರೆಸ್‌ನವ ಅಂತಾರ. ಅಕ್ಟೋಬರ್ 4ರಂದು ಪ್ರಿಯಾಂಕ್ ಖರ್ಗೆಯವರು ಮುಖ್ಯಮಂತ್ರಿಗೆ ಪತ್ರ ಬರೆದು, ಸರ್ಕಾರಿ ಶಾಲೆ, ಮೈದಾನಗಳಲ್ಲಿ ಶಾಖೆ ನಿಲ್ಲಿಸ್ರಿ ಅಂದಾಗ ನಾವು ಅವರ ಜೊತೆ ನಿಂತೀವಿ. ಅವರಿಗೆ ಬಂದ ಬೆದರಿಕೆ ಕರೆಗಳನ್ನ ಖಂಡಿಸೀವಿ, ಇವತ್ತೂ ಖಂಡಿಸ್ತೀವಿ. ಆದರ ಪತ್ರದ ಮೇಲೆ ಸರ್ಕಾರ ಮಾಡಿದ್ದು ಏನು? ಅಕ್ಟೋಬರ್ 18ಕ್ಕೆ ಒಂದು ಆದೇಶ. ಸರ್ಕಾರಿ ಜಾಗದಲ್ಲಿ ಹತ್ತಕ್ಕಿಂತ ಹೆಚ್ಚು ಜನ ಸೇರಬೇಕಾದರೆ ಅನುಮತಿ ಬೇಕು! ಹತ್ತು ದಿನದಲ್ಲಿ ಧಾರವಾಡ ಪೀಠ ತಡೆ ಕೊಟ್ಟಿತು. ತಡೆ ಸಿಗದೇ ಇದ್ದಿದ್ದರ ಮೊದಲ ಕೇಸು ಯಾರ ಮೇಲೆ ಬೀಳ್ತಿತ್ತು ಯೋಚನೆ ಮಾಡ್ರಿ. ಬಾಕಿ ಸಂಬಳಕ್ಕೆ ಪುರಸಭೆ ಮುಂದೆ ಕೂತ ಹನ್ನೊಂದು ಜನ ಪೌರಕಾರ್ಮಿಕರ ಮೇಲೆ ಬೀಳ್ತಿತ್ತು. ಸ್ಮಶಾನದ ಜಾಗಕ್ಕೆ ತಹಸೀಲ್ ಆಫೀಸಿನ ಅಂಗಳದಾಗ ಹೆಣ ಇಟ್ಟು ಕೂಡೋ ನಮ್ಮ ಜನರ ಮೇಲೆ ಬೀಳ್ತಿತ್ತು. ಇಂಥ ಕಾನೂನಿನ ಬಾಯಿ ಯಾವಾಗಲೂ ಕೇರಿ ಕಡೆಗೇ ತಿರುಗಿರ್ತದ, ಅದನ್ನ ಬರೆದವರ ಮನಸ್ಸು ಎಷ್ಟೇ ಒಳ್ಳೇದಿರಲಿ.

ಈಗ ನನ್ನ ಅಸಲಿ ಮಾತು.

ಪಥಸಂಚಲನ ಹೋಗೋ ದಾರಿಗೆ ಹೂವು ಸುರೀತಾರ. ಗಣಪತಿ ಮೆರವಣಿಗೆಗೆ ಗುಲಾಲು, ಪಟಾಕಿ. ನಮ್ಮ ಜಯಂತಿಗೆ ನೀರಿನ ಪಾಕೀಟು, ಊಟದ ತಟ್ಟೆ. ಮರುದಿನ ಬೆಳಗ್ಗೆ ಐದಕ್ಕೆ ಆ ರಸ್ತೆಗೆ ಬರೋರು ಯಾರು? ಸೇಡಂ ಇರಲಿ, ವಾಡಿ ಇರಲಿ, ಚಿಂಚೋಳಿ ಇರಲಿ, ಕಸಬರಿಗೆ ಹಿಡಿದ ಕೈ ಯಾವ ಓಣಿಯಿಂದ ಬರ್ತದ ಅಂತ ಎಲ್ಲರಿಗೂ ಗೊತ್ತು. ಆ ಹೂವಿನಲ್ಲಿ ಯಾವುದು ಕೇಸರಿ, ಯಾವುದು ನೀಲಿ ಅಂತ ಆ ತಾಯಿ ನೋಡಂಗಿಲ್ಲ. ಎಲ್ಲಾ ಬಳೀತಾಳ. ಊರಿನ ಆರೋಗ್ಯ ಕಾಯೋ ಅವಳಿಗೆ ಯಾರೂ ಸ್ವಯಂಸೇವಕಿ ಅಂತ ಕರೆಯಂಗಿಲ್ಲ.

ಇಲ್ಲ ಇಲ್ಲ, ಸನ್ಮಾನ ಮಾಡ್ತೀವಲ್ಲ ಅಂತಾರ. ಹೌದು, ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನಾಚರಣೆ. ಶಾಲು, ಹಾರ, ಫೋಟೊ. ಶಾಲು ಹೊದಿಸೋ ಕೈಗೆ ಗ್ಲೌಸ್ ಕೊಡಲಿಕ್ಕೆ ಯಾಕ ಆಗಂಗಿಲ್ಲ? ನಮ್ಮ ಐ.ಪಿ.ಡಿ. ಸಾಲಪ್ಪನವರ ವರದಿ ಬಂದು ಅರ್ಧ ಶತಮಾನ ಆಗ್ತಾ ಬಂತು. 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಬೇಕು ಅಂತ ಆ ಪುಣ್ಯಾತ್ಮ ಬರೆದಿಟ್ಟರೆ ಸರ್ಕಾರ ಅದನ್ನ 700 ಮಾಡಿತು. ಆ ಲೆಕ್ಕವಾದರೂ ಭರ್ತಿ ಆಗ್ಯಾದೇನು ಅಂತ ನಿಮ್ಮೂರಿನ ಪುರಸಭೆಗೆ ಹೋಗಿ ಕೇಳ್ರಿ. 2021ರ ಜನವರಿಯಲ್ಲಿ ಕಲಬುರಗಿ ನಗರದಾಗೇ ಮ್ಯಾನ್‌ಹೋಲ್‌ಗೆ ಇಳಿದ ಇಬ್ಬರು ಉಸಿರುಗಟ್ಟಿ ಸತ್ತರು. ಇಳಿಸೋದು ಅಪರಾಧ ಅಂತ 2013ರ ಕಾಯ್ದೆ ಹೇಳ್ತದ. ಸತ್ತರೆ 30 ಲಕ್ಷ ಪರಿಹಾರ ಕೊಡ್ರಿ ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. ಸಾಯೋದಕ್ಕೆ ಬೆಲೆ ಏರಿತು, ಬದುಕಿಗೆ ಏರಲಿಲ್ಲ.

‘ಸ್ವಯಂಸೇವೆ’ ಅನ್ನೋ ಪದದ ಆಟ ಇನ್ನೊಂದು ಕಡೆ ನೋಡ್ರಿ. ಬಂದೋಬಸ್ತಿಗೆ ಪೊಲೀಸರ ಜೊತೆ ಬಿಸಿಲಲ್ಲಿ ನಿಲ್ಲೋ ಗೃಹರಕ್ಷಕರು, ಅಂದರೆ ಹೋಮ್‌ಗಾರ್ಡ್‌ನವರು, ಕಾನೂನಿನ ಪ್ರಕಾರ ಸ್ವಯಂಸೇವಕರು. ಆದ್ದರಿಂದ ಅವರಿಗೆ ಸಂಬಳ ಇಲ್ಲ, ಕರೆದ ದಿನಕ್ಕೆ ಭತ್ಯೆ. ಆ ಭತ್ಯೆಯಾದರೂ ಪೊಲೀಸರ ಕನಿಷ್ಠ ವೇತನಕ್ಕೆ ಸಮ ಇರಬೇಕು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯ್ತು. ಆಶಾ ಅಕ್ಕನವರಿಗೂ ಅದೇ ಕಥೆ, ಅವರದ್ದು ಗೌರವಧನ. 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಮಲಗಿದ ಮೇಲೆ ತಿಂಗಳಿಗೆ 10 ಸಾವಿರದ ಭರವಸೆ ಸಿಕ್ಕಿತು. ದುಡಿಸಿಕೊಂಡು ಕೂಲಿ ಕೊಡದೇ ಇರೋದಕ್ಕೆ ನಮ್ಮ ಅಜ್ಜಂದಿರ ಕಾಲದಾಗ ಬಿಟ್ಟಿ ಅಂತಿದ್ದರು. ಈಗ ಸೇವೆ ಅಂತಾರ.

ಆಗಸ್ಟ್ 15, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನವೆಂಬರ್ 1, ಜನವರಿ 26. ವರ್ಷಕ್ಕೆ ನಾಲ್ಕು ಸಲ ತಾಲೂಕು ವೇದಿಕೆ ಮೇಲೆ ‘ಸಾಧಕರಿಗೆ ಸನ್ಮಾನ’ ನಡೀತದ. ಪಟ್ಟಿ ಯಾರು ಮಾಡ್ತಾರ, ಯಾವ ಅಳತೆಯಿಂದ ಮಾಡ್ತಾರ, ಯಾರಿಗೂ ಗೊತ್ತಿಲ್ಲ. ಗುತ್ತಿಗೆದಾರರು, ಮುಖಂಡರ ಬಲಗೈ ಎಡಗೈಗಳು ಸಮಾಜಸೇವಕರಾಗಿ ಇಳೀತಾರ. ಕಾಗಿಣಾ ಉಕ್ಕಿದಾಗ, ಮುಲ್ಲಾಮಾರಿ ಉಕ್ಕಿದಾಗ, 2025ರ ಸೆಪ್ಟೆಂಬರ್ ಕೊನೆಗೆ ಭೀಮೆ ಬಂದಂಗ ಬಂದಾಗ, ನಡುಮಟ ನೀರಾಗ ಹಗ್ಗ ಕಟ್ಟಿಕೊಂಡು ಇಳಿಯೋರು ಯಾರು? ದನ ಬಿಡಿಸೋರು, ಮುದುಕಿಯನ್ನ ಬೆನ್ನ ಮೇಲೆ ಹೊರೋರು, ಮೂರು ದಿನ ಆದ ಹೆಣ ಮೇಲೆತ್ತೋರು? ಹೆಣ ಎತ್ತೋ ಹೊತ್ತಿಗೆ ಎಲ್ಲರಿಗೂ ನಮ್ಮ ಕೇರಿ ಹುಡುಗರ ಫೋನ್ ನಂಬರ್ ನೆನಪಾಗ್ತದ. ಸನ್ಮಾನದ ಪಟ್ಟಿ ಮಾಡೋ ಹೊತ್ತಿಗೆ ಮರೆತು ಹೋಗ್ತದ.

ಸುರಕ್ಷತೆ ಅಂದ್ರ ನಮ್ಮಲ್ಲಿ ಇನ್ನಾ ಪೊಲೀಸ್ ವ್ಯಾನಿನ ಲೆಕ್ಕ. ಚಿತ್ತಾಪುರದ ಆ ಒಂದು ದಿನಕ್ಕೆ ಎಷ್ಟು ತಲೆ ಕೆಡಿಸಿಕೊಂಡರು! ಆದರ ಕಾರ್ಯಕ್ರಮಗಳಲ್ಲಿ ಜನ ಸಾಯೋದು ಹೆಚ್ಚಾಗಿ ಎರಡು ಗುಂಪಿನ ಜಗಳದಿಂದಲ್ಲ. 2024ರ ಜನವರಿ 8ರಂದು ಗದಗ ಜಿಲ್ಲೆಯ ಸೂರಣಗಿಯಲ್ಲಿ ಸಿನಿಮಾ ನಟನ ಕಟೌಟ್ ನಿಲ್ಲಿಸಲಿಕ್ಕೆ ಹೋದ ಮೂವರು ಹುಡುಗರು ಕರೆಂಟ್ ತಗುಲಿ ಸತ್ತರು. 2025ರ ಜೂನ್ 4ಕ್ಕೆ ಚಿನ್ನಸ್ವಾಮಿ ಸ್ಟೇಡಿಯಂ ಮುಂದೆ ಕಾಲ್ತುಳಿತದಾಗ 11 ಜನ. ಅದೇ ಸೆಪ್ಟೆಂಬರ್‌ನಲ್ಲಿ ಹಾಸನದ ಮೊಸಳೆಹೊಸಹಳ್ಳಿಯ ಗಣಪತಿ ಮೆರವಣಿಗೆಗೆ ಲಾರಿ ನುಗ್ಗಿತು, ಓದೋ ಹುಡುಗರು ಹೋದರು. ತಂತಿ, ನೂಕುನುಗ್ಗಲು, ಲಾರಿ. ಮೂರಕ್ಕೂ ಜಾತಿ ಗೊತ್ತಿಲ್ಲ. ಆದರ ಮೆರವಣಿಗೆಯಾಗ ಟ್ರ್ಯಾಕ್ಟರ್ ಮೇಲೆ ನಿಂತು ಬಿದಿರು ಗಳದಿಂದ ತಂತಿ ಎತ್ತೋ ಹುಡುಗ ಯಾವ ಮನೆಯವನು? ಹೆಚ್ಚಿನ ಸಲ ನಮ್ಮವನು. ಏಪ್ರಿಲ್ 14ಕ್ಕೂ ನಮ್ಮವನು, ಉಳಿದವರ ಹಬ್ಬಕ್ಕೂ ಕೂಲಿಗೆ ಹೋದ ನಮ್ಮವನು. ಅವನಿಗೆ ವಿಮೆ ಇಲ್ಲ, ರಬ್ಬರ್ ಬೂಟು ಇಲ್ಲ, ಮೆರವಣಿಗೆ ಮುಗಿಯೋ ತನಕ ಲೈನ್ ಬಂದ್ ಮಾಡೋ ಜೆಸ್ಕಾಂ ಲೈನ್‌ಮನ್ ಪಕ್ಕದಲ್ಲಿ ಇಲ್ಲ.

ಇದಕ್ಕ ಹೊಸ ಕಾನೂನು ಬೇಕಾಗಿಲ್ಲ. ಆಪದ ಮಿತ್ರ ಅಂತ ಕೇಂದ್ರದ ಯೋಜನೆ ಅದ. ವಿಪತ್ತಿನ ಸ್ವಯಂಸೇವಕರಿಗೆ ತರಬೇತಿ, ಕಿಟ್, ವಿಮೆ ಕೊಡೋದು. ನೀರಿಗೆ ಇಳಿಯೋ ನಮ್ಮ ಹುಡುಗರ ಹೆಸರು ಅಂಥ ಪಟ್ಟಿಯಲ್ಲಿ ಸೇರಲಿ, ಕಾಲೇಜಿನ ಹಾಜರಿ ಪುಸ್ತಕ ನೋಡಿ ಹೆಸರು ತುಂಬಿಸೋದು ಬ್ಯಾಡ. 371(ಜೆ) ಹೆಸರಿನಲ್ಲಿ ಕೆಕೆಆರ್‌ಡಿಬಿಗೆ ವರ್ಷಾ ವರ್ಷಾ ಕೋಟಿಗಟ್ಟಲೆ ಬರ್ತದ, ಅದರಲ್ಲಿ ತಾಲೂಕಿಗೊಂದು ಬೋಟು, ಹಗ್ಗ, ಲೈಫ್ ಜಾಕೆಟ್ ಇಡಲಿಕ್ಕೆ ಎಷ್ಟು ಬೇಕು? ಯಾವುದೇ ಬಣ್ಣದ ಮೆರವಣಿಗೆ ಇರಲಿ, ಅನುಮತಿ ಪತ್ರದಲ್ಲೇ ಜೆಸ್ಕಾಂ, ಆಂಬುಲೆನ್ಸ್, ಸ್ವಚ್ಛತೆ ಮೂರೂ ಬರೆದಿರಬೇಕು. ಸ್ವಚ್ಛತೆಯ ಖರ್ಚು ಸಂಘಟಕರು ಕಟ್ಟಬೇಕು, ಮರುದಿನ ಬರೋ ತಾಯಂದಿರಿಗೆ ಹೆಚ್ಚುವರಿ ಕೂಲಿಯಾಗಿ ಆ ದುಡ್ಡು ಮುಟ್ಟಬೇಕು. ನಾವೂ ಕಟ್ಟಬೇಕು, ಡಿಜೆಗೆ ಸುರಿಯೋ ಪಟ್ಟಿ ದುಡ್ಡಿನಾಗ ಅದು ಲೆಕ್ಕಕ್ಕೇ ಬರಂಗಿಲ್ಲ. ಇದನ್ನ ಓದಿ ನಮ್ಮ ಕೆಲವು ತಮ್ಮಂದಿರಿಗೆ ಸಿಟ್ಟು ಬರ್ತದ. ಬರಲಿ.

ಸನ್ಮಾನದ ವಿಚಾರಕ್ಕೆ ಇಷ್ಟೇ: ಹೆಸರುಗಳನ್ನ ಹದಿನೈದು ದಿನ ಮುಂಚೆ ನೋಟಿಸ್ ಬೋರ್ಡಿಗೆ ಹಚ್ಚಲಿ. ಯಾರು ಏನು ಮಾಡ್ಯಾರ ಅಂತ ಪ್ರತಿ ಹೆಸರಿನ ಮುಂದೆ ಎರಡು ಸಾಲು ಬರೆಯಲಿ. ತಕರಾರು ಇದ್ದವರು ಹೇಳಲಿ.

ಬರೋ ಏಪ್ರಿಲ್‌ಗೆ ಮುಂಚೆ ಐದೂ ಊರಲ್ಲಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಲ್ಲಿ, ಪೂರ್ವಭಾವಿ ಸಭೆ ಕರೀತಾರ. ಈ ಸಲ ಬರೀ ಮೆರವಣಿಗೆಯ ರೂಟು, ಡಿಜೆ ಟೈಮಿನ ಜಗಳಕ್ಕೆ ಹೋಗಬ್ಯಾಡ್ರಿ. ಮೇಲಿನ ಬೇಡಿಕೆಗಳನ್ನ ಕಾಗದದ ಮೇಲೆ ಬರೆದುಕೊಂಡು ಹೋಗ್ರಿ. ಜೊತೆಗೆ ಇಬ್ಬರು ಪೌರಕಾರ್ಮಿಕ ತಾಯಂದಿರನ್ನ ಕರ್ಕೊಂಡು ಹೋಗಿ ಮುಂದಿನ ಸಾಲಿನಾಗ ಕೂಡಿಸ್ರಿ. ಸಾಹೇಬರು ‘ನೋಡೋಣ’ ಅಂದರೆ ಎದ್ದು ಬರಬ್ಯಾಡ್ರಿ, ಅರ್ಜಿಯ ಪ್ರತಿ ಮೇಲೆ ತಾರೀಖು ಹಾಕಿಸಿ, ಸ್ವೀಕೃತಿ ಮುದ್ರೆ ಒತ್ತಿಸಿಕೊಂಡು ಬರ್ರಿ. ಅದರ ಫೋಟೊ ತೆಗೆದು ಈ ಪೋಸ್ಟಿನ ಕೆಳಗೆ ಹಾಕ್ರಿ. ಯಾವ ಊರಿನ ಮುದ್ರೆ ಮೊದಲು ಬರ್ತದ ನೋಡೋಣ.

ಜೈ ಭೀಮ್. ಜೈ ಸಂವಿಧಾನ.