ಎರಡನೆಯ ಸ್ವಯಂವರಕ್ಕೊಂದು ತೆರೆ

ಪ್ರೀತಿ ಮುರಿಯುವುದನ್ನು ತೋರಿಸುವುದರಲ್ಲಿ ಕನ್ನಡ ಚಿತ್ರರಂಗ ಪಳಗಿದೆ. ಮುರಿದ ಮೇಲೆ ಮನುಷ್ಯರು ಹೇಗೆ ಬದುಕುತ್ತಾರೆ, ಇನ್ನೊಬ್ಬರ ಎದುರು ಕುಳಿತು ಮತ್ತೆ ಹೇಗೆ ಮಾತು ಆರಂಭಿಸುತ್ತಾರೆ ಎಂಬುದು ಮಾತ್ರ ಅದಕ್ಕೆ ಇಂದಿಗೂ ಒಗ್ಗದ ವಿಷಯ. ನಮ್ಮ ಸಿದ್ದಾಪುರ ತಾಲ್ಲೂಕಿನ ಅಂಚಿನ ಜೋಗದಲ್ಲಿ ನಾಯಕನನ್ನು ಕುಣಿಸಿದ ‘ಮುಂಗಾರು ಮಳೆ’ 2006ರ ಡಿಸೆಂಬರ್‌ನಲ್ಲಿ ತೆರೆಕಂಡಿತು. ಪ್ರೀತಿಸಿದವಳನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟ ಆ ಹುಡುಗ ಮುಂದೆ ಏನಾದ ಎಂದು ಚಿತ್ರ ಹೇಳುವುದಿಲ್ಲ; ಪ್ರೇಕ್ಷಕರೂ ಕೇಳಲಿಲ್ಲ. ಅವನ ಜೊತೆಗಿದ್ದ ಮೊಲದ ಹೆಸರೇ ದೇವದಾಸ್. ವಿರಹಿಯ ಪರಂಪರೆ ನಮ್ಮಲ್ಲಿ ಎಷ್ಟು ಗಟ್ಟಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಮೌನವನ್ನು ಮುರಿಯುವ ಧೈರ್ಯ ಮಾಡಿದ ಕೆಲವೇ ಚಿತ್ರಗಳಲ್ಲಿ ಮಂಸೋರೆ ನಿರ್ದೇಶನದ ‘ನಾತಿಚರಾಮಿ’ (2018) ಒಂದು. ಎನ್. ಸಂಧ್ಯಾರಾಣಿ ಅವರ ಕಥೆ. ಶ್ರುತಿ ಹರಿಹರನ್ ಮತ್ತು ದಿವಂಗತ ಸಂಚಾರಿ ವಿಜಯ್ ಮುಖ್ಯ ಪಾತ್ರಗಳಲ್ಲಿದ್ದಾರೆ. ಮದುವೆಯ ಮಂಟಪದಲ್ಲಿ ವರ ಕೊಡುವ ವಚನವೇ ಚಿತ್ರದ ಹೆಸರು. ನಾಯಕಿ ಗೌರಿಯದು ವಿಚ್ಛೇದನದ ಕಥೆಯಲ್ಲ, ಆಕೆ ಗಂಡನನ್ನು ಕಳೆದುಕೊಂಡವಳು. ಆದರೆ ಹಳೆಯ ನಂಟು ಮನಸ್ಸಿನಲ್ಲಿ ಉಳಿದಿರುವಾಗಲೇ ದೇಹ ಮತ್ತು ಬದುಕು ಹೊಸ ಸಾಂಗತ್ಯವನ್ನು ಕೇಳಿದರೆ ಏನು ಮಾಡಬೇಕು ಎಂಬ ಆಕೆಯ ಇಕ್ಕಟ್ಟು, ನೋವುಂಡು ಹೊರಬಂದ ಎಲ್ಲರದೂ ಹೌದು. ಆಪ್ತಸಮಾಲೋಚಕರೊಂದಿಗಿನ ದೃಶ್ಯಗಳಲ್ಲಿ ಮಾತು ಸ್ವಲ್ಪ ಹೆಚ್ಚಾಯಿತೆಂದು ನನಗನ್ನಿಸಿದ್ದುಂಟು. ಹಾಗಿದ್ದೂ, ಮರುಮದುವೆಯ ಮಂಟಪವನ್ನು ಸಿದ್ಧ ಪರಿಹಾರವಾಗಿ ಮುಂದಿಡದ ಅದರ ಸಂಯಮ ದೊಡ್ಡದು. 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಸೇರಿದಂತೆ ಐದು ಮನ್ನಣೆಗಳು ಅದಕ್ಕೆ ದೊರೆತವು.

ಪ್ರಶಸ್ತಿ ಬಂದ ಚಿತ್ರ ನಮ್ಮ ಊರುಗಳಿಗೆ ಬರಲಿಲ್ಲ ಎಂಬುದು ಹೊಸ ದೂರೇನಲ್ಲ. ಆದರೆ ಈ ಬಗೆಯ ಚಿತ್ರದ ಅಗತ್ಯ ಬೆಂಗಳೂರಿನ ಮಲ್ಟಿಪ್ಲೆಕ್ಸುಗಳಿಗಿಂತ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಗೆ ಹೆಚ್ಚಿದೆ ಎಂಬುದು ನನ್ನ ವಾದ. ಕಳೆದ ಎರಡು ದಶಕಗಳಲ್ಲಿ ಇಲ್ಲಿನ ಅಡಿಕೆ ತೋಟದ ಮನೆಗಳಲ್ಲಿ ಹೆಣ್ಣು ಸಿಗದೆ ಉಳಿದ ಗಂಡುಮಕ್ಕಳು ಹೆಚ್ಚುತ್ತಲೇ ಬಂದರು. ಉತ್ತರ ಭಾರತದಿಂದ ಸೊಸೆಯನ್ನು ತಂದ ಕುಟುಂಬಗಳೂ ಇವೆ. ಇದರ ಒಂದು ಪರಿಣಾಮವನ್ನು ಯಾರೂ ನಿರೀಕ್ಷಿಸಿರಲಿಲ್ಲ: ಹಿಂದೆ ವಿಚ್ಛೇದನ ಪಡೆದ ಮಗಳು ಮನೆಗೆ ಮರಳಿದರೆ ಜಗುಲಿಗೂ ಬಾರದೆ ಒಳಗೇ ಉಳಿಯಬೇಕಿತ್ತು; ಇಂದು ಆಕೆಗಾಗಿ ಮಧ್ಯಸ್ಥರು ತಾವಾಗಿಯೇ ಫೋನ್ ಮಾಡುತ್ತಾರೆ. ಮೇಲ್ನೋಟಕ್ಕೆ ಇದು ಸುಧಾರಣೆ. ಹತ್ತಿರದಿಂದ ನೋಡಿದರೆ ಸುಧಾರಣೆಗಿಂತ ಅಭಾವದ ಪಾಲೇ ಹೆಚ್ಚು. ಆಕೆಗೆ ಏನಾಯಿತು ಎಂದು ಊರೆಲ್ಲ ವಿಚಾರಿಸುತ್ತದೆ, ಆಕೆ ಸಿದ್ಧಳಿದ್ದಾಳೆಯೇ ಎಂದು ಯಾರೂ ವಿಚಾರಿಸುವುದಿಲ್ಲ. ಅವಲಕ್ಕಿ, ಕಾಫಿ ಮುಗಿದ ಮೇಲೆ ಹಿತ್ತಿಲಲ್ಲಿ ಹತ್ತು ನಿಮಿಷದ ಮಾತು; ವಾರದೊಳಗೆ ‘ಹೌದು’ ಅಥವಾ ‘ಇಲ್ಲ’. ಒಮ್ಮೆ ಆತುರದಲ್ಲಿ ಆದದ್ದನ್ನು ಎರಡನೆಯ ಬಾರಿಯೂ ಅದೇ ಆತುರದಲ್ಲಿ ಮಾಡುತ್ತೇವೆ.

ಗಂಡಸಿನ ಪಾಡು ಬೇರೆಯಲ್ಲ. ನಿಶ್ಚಿತಾರ್ಥ ಮುರಿದ ಹುಡುಗನಿಗೆ ಊರು ಕೊಡುವ ಸಾಂತ್ವನ, ತೋಟ ಇಷ್ಟಿದೆ, ಇನ್ನೊಂದು ಬಂದೇ ಬರುತ್ತದೆ ಎಂಬುದು. ಅವನು ಅತ್ತನೇ, ಅಳಬಹುದೇ ಎಂಬ ಪ್ರಶ್ನೆಗೆ ನಮ್ಮ ಕೊನೆಕೊಯ್ಲಿನ ಗಡಿಬಿಡಿಯಲ್ಲಿ ಜಾಗವಿಲ್ಲ. ಬೆಂಗಳೂರಿಗೆ ಹೋದವರು ಮೊಬೈಲ್ ಆ್ಯಪ್‌ಗಳಲ್ಲಿ ಪರಿಚಯ ಮಾಡಿಕೊಂಡು ಕಾಫಿ ಕುಡಿದು, ಹೊಂದದಿದ್ದರೆ ಬೇರಾಗುತ್ತಾರೆ. ಅವರೇ ದೀಪಾವಳಿಗೆ ಊರಿಗೆ ಬಂದಾಗ ತುಟಿ ಬಿಚ್ಚುವುದಿಲ್ಲ. ಹುಡುಗ, ಹುಡುಗಿ ಎದುರುಬದುರು ಕುಳಿತು ಒಂದು ಚಹಾ ಕುಡಿದದ್ದು ಅವರಿಗಿಂತ ಮೊದಲೇ ಮನೆ ತಲುಪುವ ಪೇಟೆಯಿದು.

ಇದಕ್ಕೆ ನಮ್ಮ ಸಂಸ್ಕೃತಿಯನ್ನು ಗುರಾಣಿಯಾಗಿ ಹಿಡಿಯುವವರಿಗೆ ಇಲ್ಲಿನ ಯಕ್ಷಗಾನವನ್ನೇ ನೆನಪಿಸಬೇಕು. ನಳ ದಮಯಂತಿಯ ಪ್ರಸಂಗವನ್ನು ರಾತ್ರಿಯಿಡೀ ಕುಳಿತು ನೋಡದ ಹಿರಿಯರು ಈ ಸೀಮೆಯಲ್ಲಿ ವಿರಳ. ನಟ್ಟಿರುಳಲ್ಲಿ ಕಾಡಿನಲ್ಲಿ ಬಿಟ್ಟುಹೋದ ಗಂಡನನ್ನು ಹುಡುಕಲು ದಮಯಂತಿ ಎರಡನೆಯ ಸ್ವಯಂವರ ಸಾರಿಸುತ್ತಾಳೆ. ಸುದ್ದಿ ಕೇಳಿದ ಋತುಪರ್ಣ, ಇದೆಂಥ ಅಧರ್ಮ ಎಂದು ಕೇಳದೆ ರಥ ಹೂಡಿಸುತ್ತಾನೆ. ಸಂಕಟಪಡುವವನು ಸಾರಥಿಯ ವೇಷದಲ್ಲಿರುವ ಬಾಹುಕನೊಬ್ಬನೇ. ಅವನ ಸಂಕಟಕ್ಕೆ ನಾವು ಮನಸಾರೆ ನಗುತ್ತೇವೆ. ಆ ಸ್ವಯಂವರ ಉಪಾಯವಾಗಿತ್ತು, ನಿಜ. ಅದು ನಿಜವಾದ ಸ್ವಯಂವರವೇ ಆಗಿದ್ದರೆ? ನಮ್ಮ ಭಾಗವತರೂ ಅರ್ಥಧಾರಿಗಳೂ ಆ ಪ್ರಶ್ನೆಯ ಹೊಸ್ತಿಲವರೆಗೆ ಬಂದು ನಿಲ್ಲುತ್ತಾರೆ. ಹೊಸ್ತಿಲು ದಾಟುವ ಕೆಲಸ ಇಂದಿನ ಕಥೆಗಾರರದು.

ಕಾನೂನು ತನ್ನ ಪಾಲಿನದನ್ನು ಬಹುಮಟ್ಟಿಗೆ ಮಾಡಿದೆ. ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ 1976ರಲ್ಲೇ ಅವಕಾಶವಾಯಿತು. ಆರು ತಿಂಗಳ ಕಾಯುವಿಕೆ ಎಲ್ಲ ಪ್ರಕರಣಗಳಲ್ಲೂ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಬಿಡುಗಡೆಯ ದಾರಿ ಅಷ್ಟರಮಟ್ಟಿಗೆ ಸಲೀಸಾಗಿದೆ. ಆನಂತರದ ದಿನಗಳನ್ನು ಯಾವ ನ್ಯಾಯಾಲಯವೂ ನಡೆಸಿಕೊಡಲಾರದು. ಅಲ್ಲಿ ಬೇಕಾಗುವುದು ಒಂದು ಭಾಷೆ, ನಾಚದೆ ಆಡಬಹುದಾದ ನಾಲ್ಕು ಮಾತು. ಸಣ್ಣ ಬಂಡವಾಳದ ಸ್ವತಂತ್ರ ಚಿತ್ರಗಳು ಕೊಡಬಲ್ಲದ್ದು ಅದನ್ನೇ.

ಅವು ಇಲ್ಲಿಗೆ ಬರುವ ದಾರಿ ನಮಗೆ ಅಪರಿಚಿತವೂ ಅಲ್ಲ. ಗಡಿಯಾಚೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಸಂಗಡಿಗರು 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿದರು. ತೋಟಿಗರೂ ಕೂಲಿಕಾರರೂ ‘ಪಥೇರ್ ಪಾಂಚಾಲಿ’ಯಂಥ ಚಿತ್ರ ನೋಡಿ ಚರ್ಚಿಸಿದರು, ಹಳ್ಳಿಗರಿಗೆ ಇದು ಅರ್ಥವಾದೀತೇ ಎಂಬ ಪಟ್ಟಣದ ಅನುಮಾನ ಅಲ್ಲಿ ಸುಳ್ಳಾಯಿತು. ಅಂದು ರೀಲಿನ ಡಬ್ಬಿಗಳನ್ನು ದೂರದಿಂದ ತರಿಸಬೇಕಿತ್ತು, ಇಂದು ಪ್ರೊಜೆಕ್ಟರ್ ಮತ್ತು ನಿರ್ಮಾಪಕರ ಅನುಮತಿ ಇದ್ದರೆ ಸಾಕು. ನಮ್ಮ ಸಹಕಾರ ಸಂಘಗಳಿಗೆ ಸಭಾಭವನಗಳಿವೆ, ವಾರ್ಷಿಕ ಮಹಾಸಭೆಯ ಹೊರತು ಅವುಗಳ ಕುರ್ಚಿಗಳು ಮಡಚಿಯೇ ಇರುತ್ತವೆ. ಕೊಯ್ಲು ಮುಗಿದು ಮಳೆ ಹಿಡಿಯುವ ಮುನ್ನ, ತಿಂಗಳಿಗೊಂದು ಶನಿವಾರ ಇಂಥ ಒಂದು ಚಿತ್ರ ತೋರಿಸಲಿ. ಮಹಿಳಾ ಸಂಘಗಳವರನ್ನೂ, ಸಾಧ್ಯವಾದರೆ ಆ ಮಧ್ಯಸ್ಥರನ್ನೂ ಕರೆಯಲಿ. ಚಿತ್ರ ಮುಗಿದ ಮೇಲೆ ಅರ್ಧ ಗಂಟೆ ದೀಪ ಆರಿಸದೆ, ಬಾಗಿಲು ಹಾಕದೆ ಬಿಡಲಿ.